ಹಕ್ಕಿ ಹತ್ತಿದ ಕೋಟು

ತಪ್ಪೆಲ್ಲ ನಾಲಿಗೆಯದು. ಭಾನುವಾರದ ಊಟದ ನಡುವೆ ಷಡ್ಡಕ, "ಅಣ್ಣ, ನೀವು ಪಾಸ್‌ಪೋರ್ಟ್ ಫೋಟೋ ತೆಗೆಯೋರು. ಹಕ್ಕಿಗಿಕ್ಕಿ ನಿಮ್ಮ ಕೈಲಾಗೋ ಕೆಲಸ ಅಲ್ಲ ಬಿಡಿ" ಎಂದಾಗ ಸ್ಟುಡಿಯೋ ಮಾಮ ತಲೆ ಬಗ್ಗಿಸಿ ಉಂಡಿದ್ದರೆ ಸಾಕಿತ್ತು. ಊರಂಚಿನ ತೋಪಿನ ಕಚೇರಿಯವರು ಕ್ಯಾಲೆಂಡರಿನ ಮುಖಪುಟಕ್ಕೆ ಮರ ಹತ್ತುವ ಹಕ್ಕಿಯ ಚಿತ್ರ ಕೇಳಿದ್ದರು. ಹಕ್ಕಿ ತೋಪಿನ ಮರದ ಮೇಲೆಯೇ ಇರಬೇಕು, ಚಿತ್ರ ಸೋಮವಾರ ಸಂಜೆ ಐದರೊಳಗೆ ಬರಬೇಕು.

"ಮುಖಪುಟಕ್ಕೆ ನಾನು ತೆಗೆದದ್ದೇ ಬರುತ್ತೆ. ಬರದಿದ್ರೆ, ಗೆದ್ದೋರ ಚಿತ್ರಾನ ಆಳೆತ್ತರ ಮಾಡಿ ನನ್ನ ಅಂಗಡಿ ಬಾಗಿಲಿಗೇ ನೇತುಹಾಕ್ತೀನಿ" ಎಂದುಬಿಟ್ಟರು ಮಾಮ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಸೋಮವಾರ ಬೆಳಿಗ್ಗೆ ಚಳಿಯಿತ್ತು. ಮಾಮ ಪೆಟ್ಟಿಗೆಯ ತಳದಿಂದ ಹಳೆಯ ಕಂದು ಕೋಟು ಎಳೆದರು. ಅದರ ಉಣ್ಣೆ ಅಲ್ಲಲ್ಲಿ ಎದ್ದು, ಬಿರಿದು, ಗಂಟು ಕಟ್ಟಿತ್ತು.

"ಅದು ಪೂರ್ತಿ ಹುಳ ಹಿಡಿದಿದೆ ಕಣ್ರೀ. ಬಿಸಿಲಿಗೆ ಹಾಕ್ಬೇಕು" ಎಂದಳು ಹೆಂಡತಿ.

ಹಾಕಿಕೊಂಡೇ ಬಿಸಿಲಲ್ಲಿ ನಿಲ್ಲುವುದಾಗಿ ಮಾಮ ಹೇಳಿದರು. ತಾನೂ ಬಂದು ಒಂದೆರಡು ಫೋಟೋ ತೆಗೆಯಲೇ ಎಂದು ಅವಳು ಕೇಳಿದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ತೆಗೆದ ಒಂದು ಫೋಟೋದಲ್ಲೂ ಯಾರಿಗೂ ತಲೆ ಇರಲಿಲ್ಲ. ಸ್ವಂತ ತಂಗಿಯ ಮದುವೆಯಲ್ಲೇ ಈ ಷಡ್ಡಕನನ್ನು ಕುತ್ತಿಗೆಯವರೆಗೆ ಮಾತ್ರ ತೆಗೆದಿದ್ದಳು.

ತೋಪಿನಲ್ಲಿ ಹಕ್ಕಿ ಬೇಗನೆ ಕಂಡಿತು. ಗುಬ್ಬಿಗಿಂತ ಸಣ್ಣದು, ತೊಗಟೆಯದೇ ಬಣ್ಣ, ತೆಳ್ಳಗೆ ಬಾಗಿದ ಕೊಕ್ಕು. ಮರದ ಬುಡದಲ್ಲಿ ಕೂತು, ಬಾಲವನ್ನು ಊರುಗೋಲಿನಂತೆ ಒತ್ತಿ, ಸಂದುಗೊಂದುಗಳ ಹುಳ ಹೆಕ್ಕುತ್ತ, ಕಾಂಡವನ್ನು ಸುತ್ತಿ ಸುತ್ತಿ ಮೇಲೇರುತ್ತಿತ್ತು. ಮೇಲೆ ಮುಟ್ಟಿದ್ದೇ ಪಕ್ಕದ ಮರದ ಬುಡಕ್ಕೆ ಹಾರಿ ಮತ್ತೆ ಮೊದಲಿನಿಂದ ಶುರು.

ಮಾಮ ಈ ಕಡೆ ಬಂದರೆ ಅದು ಆ ಕಡೆ, ಇವರು ಆ ಕಡೆ ಹೋದರೆ ಅದು ಈ ಕಡೆ. ಕೊನೆಗೊಮ್ಮೆ ನೇರ ಎದುರಿಗೇ ಬಂತು. ಮಾಮನ ಬೆರಳು ಗುಂಡಿಯ ಮೇಲಿತ್ತು. ಆದರೆ ಇಷ್ಟು ವರ್ಷದ ಅಭ್ಯಾಸ ಬಿಡುತ್ತದೆಯೇ? "ರೆಡಿ... ಅಲುಗಾಡಬೇಡಿ... ಗದ್ದ ಸ್ವಲ್ಪ ಮೇಲೆ" ಎಂದು ಗಟ್ಟಿಯಾಗಿ ಹೇಳಿಯೇ ಬಿಟ್ಟರು. ಹಕ್ಕಿ ಗದ್ದದ ಜೊತೆ ಮೈಯನ್ನೂ ಮೇಲೆತ್ತಿಕೊಂಡು ಹೋಯಿತು. ಮಧ್ಯಾಹ್ನದೊಳಗೆ ಹೀಗೆ ಏಳು ಸಲ ಆಯಿತು.

ಅಷ್ಟರಲ್ಲಿ ವಾಕಿಂಗಿಗೆ ಬಂದವರೆಲ್ಲ ಸುತ್ತ ಸೇರಿ ಆಳಿಗೊಂದು ಬುದ್ಧಿವಾದ ಹೇಳತೊಡಗಿದ್ದರು. ಹೆಂಡತಿ ಬುತ್ತಿ ತಂದಳು, ಬೆನ್ನಿಗೇ ಷಡ್ಡಕ ತಮಾಷೆ ನೋಡಲು ಬಂದ. ರಿಟೈರಾದ ಮೇಷ್ಟ್ರೊಬ್ಬರು ಕೋಲೂರಿ ಮುಂದೆ ಬಂದು ಹೇಳಿದರು: "ನೀವೇ ಒಂದು ಮರದ ಥರ ನಿಂತುಬಿಡಿ. ಬಾಯಿ ಮುಚ್ಕೊಳ್ಳಿ. ಅಲುಗಾಡಬೇಡಿ."

ತಮ್ಮದೇ ಮಾತು ತಮಗೇ ತಿರುಗಿ ಬಂದದ್ದು ಚುಚ್ಚಿತು. ಆದರೂ ಮಾಮ ಎರಡು ಮರಗಳ ನಡುವೆ ಕ್ಯಾಮೆರಾ ಕಣ್ಣಿಗಿಟ್ಟು ಕಂಬದ ಹಾಗೆ ನಿಂತರು. ಮೂರಾಯಿತು, ನಾಲ್ಕಾಯಿತು. ಹಕ್ಕಿ ಎದುರಿನ ಮರದ ಮೇಲಿಂದ ಹಾರಿ ಎಲ್ಲೋ ಮಾಯವಾಯಿತು. ಸ್ವಲ್ಪ ಹೊತ್ತಿನಲ್ಲಿ ಕೋಟಿನ ಹಿಂಬದಿಯ ಅಂಚಿನಲ್ಲಿ ಏನೋ ಕಚಗುಳಿಯಿಟ್ಟಂತಾಯಿತು. ಆಮೇಲೆ ಸೊಂಟದಲ್ಲಿ, ಆಮೇಲೆ ಬೆನ್ನ ನಡುವೆ. ಹೆಂಡತಿ ಹೇಳಿದ ಹುಳಗಳೇ ಇರಬೇಕೆಂದು ಮಾಮ ಹಲ್ಲುಕಚ್ಚಿ ಸಹಿಸಿದರು. ಹಿಂದೆ ಜನ ಉಸಿರೂ ಬಿಡದೆ ನಿಂತಿದ್ದರು. ತಮ್ಮ ತಪಸ್ಸಿಗೆ ಕೊನೆಗೂ ಮರ್ಯಾದೆ ಸಿಕ್ಕಿತೆಂದು ಮಾಮ ಒಳಗೊಳಗೇ ಬೀಗಿದರು.

ಐದು ಹೊಡೆಯಿತು. ಕ್ಯಾಮೆರಾದಲ್ಲಿ ಇದ್ದದ್ದು ಬರೀ ಮರಗಳು.

ಮುಖ ಸಣ್ಣಗೆ ಮಾಡಿಕೊಂಡು ಎಲ್ಲರೊಂದಿಗೆ ಕಚೇರಿಗೆ ಹೋದರೆ, ಅಧಿಕಾರಿ ಎದ್ದು ಬಂದು ಹೆಂಡತಿಗೆ ಕೈಮುಗಿದರು. "ಅಮ್ಮಾ, ಮುಖಪುಟಕ್ಕೆ ನಿಮ್ಮದೇ." ಅವಳು ಮೊಬೈಲಿನಲ್ಲಿ ತೆಗೆದದ್ದನ್ನು ಷಡ್ಡಕ ಅವಳ ಹೆಸರಿನಲ್ಲಿ ನಾಲ್ಕೂಮುಕ್ಕಾಲಿಗೇ ಕಳಿಸಿದ್ದನಂತೆ.

ಮಾಮ ಚಿತ್ರ ನೋಡಿದರು. ಬಿರಿದು ಗಂಟುಗಟ್ಟಿದ ಕಂದು ಮೈಯ ಮೇಲೆ ಹಕ್ಕಿ ಬಾಲ ಒತ್ತಿ, ಕೊಕ್ಕಿನಲ್ಲಿ ಹುಳ ಹಿಡಿದು, ತಿರುಗಿ ನೋಡುತ್ತಿತ್ತು. ಎಂದಿನಂತೆ ತಲೆ ಇರಲಿಲ್ಲ. ಕಾಲೂ ಇರಲಿಲ್ಲ. ತಮ್ಮ ಕೋಟು ತಮಗೇ ಗುರುತು ಸಿಗಲು ಅರೆಗಳಿಗೆ ಬೇಕಾಯಿತು.

ಅದು ಮರವಲ್ಲ, ನನ್ನ ಬೆನ್ನು ಎನ್ನಲು ಬಾಯಿ ತೆರೆದರು. ಪಕ್ಕದಲ್ಲಿ ಹೆಂಡತಿಯ ಮುಖ ನೋಡಿದರು. ಮದುವೆಯಾದಾಗಿನಿಂದ ಅವಳು ಇಷ್ಟು ಖುಷಿಯಾಗಿದ್ದದ್ದನ್ನು ಅವರು ಕಂಡಿರಲಿಲ್ಲ, ಅವರಿಗೂ ಖುಷಿಯೇ ಆಯಿತು. ನಿಜ ಹೇಳಿದರೆ ಅವಳ ಮುಖಪುಟ ಹೋಗುತ್ತದೆ. ಹೇಳದಿದ್ದರೆ ತಮ್ಮ ಬೆನ್ನನ್ನು ತಾವೇ ಆಳೆತ್ತರ ಮಾಡಿ ಅಂಗಡಿ ಬಾಗಿಲಿಗೆ ನೇತುಹಾಕಬೇಕು. ಮಾಮ ಬಾಯಿ ಮುಚ್ಚಿದರು.

"ಎಂಥಾ ಹಳೇ ಮರ! ನಮ್ಮ ಪಟ್ಟಿಯಲ್ಲೇ ಇಲ್ಲ" ಎಂದರು ಅಧಿಕಾರಿ. "ಎಲ್ಲಿದೆ ತೋರಿಸಿ ಸಾರ್. ಈಗಲೇ ನಂಬರಿನ ತಗಡು ಬಡಿದುಬಿಡೋಣ." ಮೇಜಿನಿಂದ ಸುತ್ತಿಗೆಯನ್ನೂ ನಾಲ್ಕು ಮೊಳೆಗಳನ್ನೂ ಎತ್ತಿಕೊಂಡರು.

ಷಡ್ಡಕ ಬಾಯಿಗೆ ಕರವಸ್ತ್ರ ತುರುಕಿಕೊಂಡ. ಸ್ಟುಡಿಯೋ ಮಾಮ ಮೆಲ್ಲಗೆ ಹಿಂದೆ ಸರಿದು, ಬೆನ್ನನ್ನು ಗೋಡೆಗೆ ಒತ್ತಿ, ಅಲುಗಾಡದೆ ನಿಂತರು.