ಡಬ್ಬಿಗೆ ಹೆದರುವ ನಮ್ಮ ಭಾವ

ನಮ್ಮ ಭಾವ ಬಹಳ ಧೈರ್ಯವಂತರು. ನೈರೋಬಿಯ ಕಳ್ಳರಿಗೆ ಹೆದರುವುದಿಲ್ಲ. ಬಾಗಿಲಿಗೆ ನಾಲ್ಕು ಜನ ಜೋತುಬಿದ್ದಿರುವ ಮಟಾಟು ವ್ಯಾನು ಹತ್ತಲು ಹೆದರುವುದಿಲ್ಲ. ಇಷ್ಟು ವರ್ಷ ಸಂಸಾರ ಮಾಡಿಯೂ ನಮ್ಮ ಅಕ್ಕನಿಗೆ ಹೆದರುವುದಿಲ್ಲ ಎಂದರೆ ಗುಂಡಿಗೆ ಎಂಥದ್ದಿರಬೇಕು ನೀವೇ ಹೇಳಿ! ಇಂಥ ಶೂರರು ಜಗತ್ತಿನಲ್ಲಿ ಹೆದರುವುದು ಒಂದೇ ವಸ್ತುವಿಗೆ. ಪ್ಲಾಸ್ಟಿಕ್ ಡಬ್ಬಿಗೆ!

ಇದು ತೊಂಬತ್ತರ ದಶಕದ ಮಾತು. ನಾನು ಮದುವೆಯಾಗಿ ಮೈಸೂರಿನಿಂದ ನೈರೋಬಿಗೆ ಬಂದಾಗ, ಕಿಲೆಲೆಶ್ವಾದಲ್ಲಿ ಅಕ್ಕ-ಭಾವನ ಫ್ಲಾಟಿನ ಎದುರು ಬಾಗಿಲಿನ ಮನೆಯೇ ನಮಗೂ ಸಿಕ್ಕಿತು. ಭಾವ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಅಕ್ಕ ಎರಡು ಸಲ ಬಸುರಾಗಿ ಎರಡು ಸಲವೂ ಗರ್ಭ ಉಳಿದಿರಲಿಲ್ಲ. ಆ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನನಗೂ ಮೊದಲನೆಯದು ಮೂರು ತಿಂಗಳಿಗೇ ಕೈತಪ್ಪಿತು. ಮತ್ತೆ ಬಸುರಿ ಎಂದು ಗೊತ್ತಾದ ದಿನ ಅಕ್ಕ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನನ್ನ ಗಂಡ ಸಿಹಿ ತಂದರು. ಭಾವ ಗೋಣಿಚೀಲ ತಂದರು.

ಗೋಣಿಚೀಲ ಯಾಕೆ ಅಂತೀರಾ? ನಮ್ಮ ಅಡುಗೆಮನೆಯ ಪ್ಲಾಸ್ಟಿಕ್ಕನ್ನೆಲ್ಲ ತುಂಬಿಕೊಂಡು ಹೋಗಲು!

"ಏನ್ ಭಾವ ಇದು? ಎಲ್ಲಾ ಹೊಸಾ ಡಬ್ಬಿ!" ಎಂದೆ.

"ನೋಡಮ್ಮಾ, ರುಂಡಾದಲ್ಲಿ ದೊಡ್ಡೋರ ಮನೇಲಿ ಪಾರ್ಟಿ ಇದೆ ಅಂತಿಟ್ಕೋ. ಯಾವನೋ ಒಬ್ಬ ಸೂಟ್ ಹಾಕ್ಕೊಂಡು ಬಂದ. ಗೇಟಲ್ಲಿರೋ ಅಸ್ಕಾರಿ ಏನ್ ಮಾಡ್ತಾನೆ?"

"ಸೆಲ್ಯೂಟ್ ಹೊಡೆದು ಒಳಗೆ ಬಿಡ್ತಾನೆ."

"ಹಾಂ! ಅವನನ್ನ ಯಾರೂ ಕರೆದೇ ಇಲ್ಲ. ಆದ್ರೂ ಒಳಗೆ ಹೋಗಿ ಯಜಮಾನನ ಕುರ್ಚೀಲಿ ಕೂತ. ಅಡುಗೆಯವನಿಗೆ ಆರ್ಡರ್ ಕೊಟ್ಟ. ಊಟ ಬಡಿಸೋ ಹೊತ್ತಲ್ಲಿ ದೀಪ ಆರಿಸ್ದ. ಮೈಯೊಳಗೆ ಹಾಗೆ ಆರ್ಡರ್ ಕೊಡೋ ಯಜಮಾನ ಅಂದ್ರೆ ಹಾರ್ಮೋನು. ಕೆಲವು ಪ್ಲಾಸ್ಟಿಕ್ಕಲ್ಲಿ, ಹುಳಕ್ಕೆ ಹೊಡೆಯೋ ಔಷಧೀಲಿ ಇರೋ ಕೆಮಿಕಲ್ಲು ಅದೇ ಥರ ಹಾರ್ಮೋನಿನ ಸೂಟ್ ಹಾಕ್ಕೊಂಡು ಬರುತ್ತೆ. ನಾವು ದೊಡ್ಡೋರು, ಹೇಗೋ ತಡ್ಕೋತೀವಿ. ಹೊಟ್ಟೇಲಿರೋ ಕೂಸಿನ ಮನೆಗೆ ಇನ್ನೂ ಗೇಟೇ ಕಟ್ಟಿರಲ್ಲ, ಅಲ್ವೇನಮ್ಮಾ?"

ಇಷ್ಟು ಹೇಳಿದ ಮೇಲೆ ಯಾವ ಬಸುರಿ ಡಬ್ಬಿಗೆ ಅಂಟಿಕೊಂಡು ಕೂತಾಳು? ಒಮ್ಮೆ ಹೋದಂತೆ ಇನ್ನೊಮ್ಮೆ ಹೋಗಬಾರದು ಎನ್ನುವ ಭಯ ನನಗೂ ಹಗಲೂ ರಾತ್ರಿ ಇತ್ತು. ಉಪ್ಪಿನಕಾಯಿ ಡಬ್ಬಿಯನ್ನು ನಾನೇ ಚೀಲಕ್ಕೆ ಹಾಕಿದೆ.

ಆಮೇಲೆ ಶುರುವಾಯಿತು ಸೊಪ್ಪಿನ ಕಥೆ. ಔಷಧಿ ಹೊಡೆದಿಲ್ಲ ಎನ್ನಲು ಭಾವನ ಲೆಕ್ಕದಲ್ಲಿ ಸಾಕ್ಷಿ ಒಂದೇ: ಹುಳ. ಮಾರ್ಕೆಟ್ಟಿನಲ್ಲಿ ಎಲ್ಲರೂ ಎಳೆ ಸೊಪ್ಪು ಹುಡುಕಿದರೆ ಇವರು ತೂತು ಹುಡುಕುತ್ತಿದ್ದರು. ಸುಕುಮಾ ಸೊಪ್ಪು ಮಾರುವ ಹೆಂಗಸು ಮೊದಲು ನಕ್ಕಳು, ಆಮೇಲೆ ವ್ಯಾಪಾರ ಕಲಿತಳು. ದನಕ್ಕೆ ಹಾಕಬೇಕಾದದ್ದನ್ನು ಬೇರೆ ಕಟ್ಟಿಟ್ಟು, ದೂರದಿಂದಲೇ "ಮ್ವಾಲಿಮು, ಮ್ವಾಲಿಮು!" ಎಂದು ಮೇಷ್ಟ್ರನ್ನು ಕೂಗಿ, ಒಳ್ಳೆಯ ಸೊಪ್ಪಿಗಿಂತ ಎರಡು ಶಿಲ್ಲಿಂಗ್ ಜಾಸ್ತಿಗೆ ಮಾರತೊಡಗಿದಳು. ಭಾವ "ಅಸಾಂಟೆ, ಮಾಮಾ", ಥ್ಯಾಂಕ್ಸ್ ತಾಯಿ, ಎಂದು ಅವಳ ಸ್ವಾಹಿಲಿಯಲ್ಲೇ ಹೇಳಿ, ಕೈಮುಗಿದು ತರುತ್ತಿದ್ದರು.

"ಹುಳ ತಿಂದು ಬಿಟ್ಟಿದ್ದನ್ನ ನಾವು ತಿನ್ಬೇಕಾ?" ಎಂದು ಅಕ್ಕ ಸಿಡುಕಿದಳು.

"ಹುಳ ತಿಂದೂ ಬದುಕಿದೆ ಕಣೇ. ಇದಕ್ಕಿಂತ ಗ್ಯಾರಂಟಿ ಬೇಕಾ ನಿಂಗೆ?"

"ಬದುಕಿದೆಯಲ್ಲಾ, ನೋಡಿ, ನಿಮ್ಮ ತಟ್ಟೇಲೇ ಹರಿದಾಡ್ತಿದೆ!"

ನನ್ನನ್ನು ನೋಡುತ್ತಿದ್ದವರು ಸ್ಪ್ರಿಂಗ್ ವ್ಯಾಲಿಯ ಡಾಕ್ಟರಮ್ಮ, ದಾವಣಗೆರೆ ಕಡೆಯವರು. ಒಂದು ದಿನ ಅವರನ್ನು ಕೇಳಿಯೇಬಿಟ್ಟೆ. ಅವರು ನಗಲಿಲ್ಲ. "ನಿಮ್ಮ ಭಾವ ಹೇಳೋದ್ರಲ್ಲಿ ನಿಜ ಐತಿ. ಎಷ್ಟು ಕೆಮಿಕಲ್ ಹೋದ್ರ ಏನಾಗ್ತದ ಅಂತ ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ. ಬಿಸೀದು ಪ್ಲಾಸ್ಟಿಕ್ಕಿಗೆ ಹಾಕಬ್ಯಾಡ್ರಿ, ಸೊಪ್ಪು ಚೆನ್ನಾಗಿ ತೊಳೀರಿ, ಮನ್ಯಾಗ ಹುಳದ ಔಷಧಿ ಹೊಡೀಬ್ಯಾಡ್ರಿ. ಇನ್ನ ನಿಮ್ಮ ಬಿಪಿ ಇಳೀಬೇಕಂದ್ರ, ನಿಮ್ಮ ಭಾವನ್ನ ಒಂದು ವಾರ ಮೊಂಬಾಸಾಕ್ಕ ಕಳಸ್ರಿ!"

ಕಳಿಸಬೇಕಾಗಿತ್ತು. ಸೀಮಂತಕ್ಕೆ ಮುಂಚೆಯೇ ಕಳಿಸಬೇಕಾಗಿತ್ತು!

ನೈರೋಬಿಯಲ್ಲಿ ಸೀಮಂತವೆಂದರೆ ನಮ್ಮೂರ ಕಡೆಯವರೆಲ್ಲ ಒಂದೊಂದು ಅಡುಗೆ ಮಾಡಿ ತರುವುದು. ಬರುವುದೆಲ್ಲ ಐಸ್‌ಕ್ರೀಮ್ ಡಬ್ಬಿಯಲ್ಲೋ ಪ್ಲಾಸ್ಟಿಕ್ ಬಾಕ್ಸಿನಲ್ಲೋ. ಭಾವ ಪಂಚೆ ಎತ್ತಿ ಕಟ್ಟಿ ಬಾಗಿಲಲ್ಲೇ ನಿಂತರು. "ಬನ್ನಿ, ಬನ್ನಿ" ಎನ್ನುತ್ತಲೇ ಬಂದವರ ಕೈಯಿಂದ ಡಬ್ಬಿ ಕಿತ್ತುಕೊಂಡು, ಒಳಗಿದ್ದದ್ದನ್ನು ಸ್ಟೀಲ್ ಪಾತ್ರೆಗೆ ಸುರಿಯುವುದೇ ಕೆಲಸ. ಆದರೆ ಡಬ್ಬಿಗಳು ಬಹಳ, ಸ್ಟೀಲ್ ಪಾತ್ರೆ ಸ್ವಲ್ಪ. ಯಾರದೋ ಗಸಗಸೆ ಪಾಯಸ, ಇನ್ಯಾರದೋ ಮಜ್ಜಿಗೆಹುಳಿ. ಬಣ್ಣ ಹೆಚ್ಚುಕಡಿಮೆ ಒಂದೇ. ಎರಡೂ ಒಂದೇ ಪಾತ್ರೆಗೆ ಬಿದ್ದವು! ಪಾಯಸದೊಳಗೆ ಬೂದುಗುಂಬಳದ ಹೋಳು ತೇಲುತ್ತಿದ್ದರೂ ಯಾರೂ ತುಟಿ ಬಿಚ್ಚಲಿಲ್ಲ. ಬಸುರಿಯ ಮನೆಯಲ್ಲಿ ಊಟಕ್ಕೆ ಹೆಸರಿಡಬಾರದಲ್ಲ. ಮಂಗಳೂರಿನ ಕೊಂಕಣಿ ಆಂಟಿ ಮಾತ್ರ ಎರಡನೇ ಸಲ ಹಾಕಿಸಿಕೊಂಡರು.

"ಇದು ಎಂತ ಮಾರಾಯ್ರೆ? ಭಾರೀ ಲಾಯ್ಕುಂಟು. ನಿಮ್ಮ ಮೈಸೂರಿನ ಸ್ಪೆಷಲಾ?"

"ಹೌದು ಆಂಟಿ," ಎಂದಳು ಅಕ್ಕ, ಭಾವನನ್ನೇ ದುರುಗುಟ್ಟಿ ನೋಡುತ್ತಾ. "ನಮ್ಮ ಮನೇಲಿ ಮಾತ್ರ ಮಾಡ್ತೀವಿ."

ಇನ್ನು ಡಬ್ಬಿಗಳನ್ನು ಹಿಂದಿರುಗಿಸಬೇಕಲ್ಲ? ನಮ್ಮಲ್ಲಿ ಪಾತ್ರೆಯನ್ನು ಖಾಲಿ ಕೊಡುವ ಪದ್ಧತಿಯಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ಭಾವ ಪದ್ಧತಿ ಬಿಡುವವರಲ್ಲ. ಪ್ರತಿ ಡಬ್ಬಿಗೂ ಮಣ್ಣು ತುಂಬಿ, ಕೊತ್ತಂಬರಿ ಬಿತ್ತಿ, ಮೊಳಕೆ ಬಂದ ಮೇಲೆ ಮನೆಮನೆಗೆ ತಲುಪಿಸಿದರು. ಇನ್ನು ಅದಕ್ಕೆ ಯಾರೂ ಬಿಸಿ ಸಾರು ಹಾಕಲಾರರು ಎಂಬುದು ಯೋಜನೆ!

ತಲುಪಿಸಿದ ದಿನ ಸಂಜೆಯೊಳಗೆ ಡಾಕ್ಟರಮ್ಮನ ಫೋನು. "ಅಲ್ರೀ, ಅದು ಲಂಡನ್ನಿಂದ ತಂದಿದ್ದ ಡಬ್ಬಿ! ತಳಕ್ಕ ತೂತು ಹೊಡದಾರಲ್ರೀ!"

ಭಾವ ನನ್ನ ಕೈಯಿಂದ ಫೋನು ತೆಗೆದುಕೊಂಡು ಶಾಂತವಾಗಿ ಉತ್ತರಿಸಿದರು: "ತೂತು ಇಲ್ಲದಿದ್ರೆ ನೀರು ನಿಂತು ಬೇರು ಕೊಳೆಯುತ್ತೆ, ಡಾಕ್ಟ್ರೇ."

ನಾನು ಸುಮ್ಮನಿರಲಾರದೆ ಕೇಳಿದೆ: "ಭಾವ, ಪ್ಲಾಸ್ಟಿಕ್ಕಲ್ಲಿ ಬೆಳೆದ ಕೊತ್ತಂಬರಿ ತಿನ್ನಬಹುದಾ?"

ಭಾವನ ಮುಖ ನೋಡಬೇಕಿತ್ತು! ಮರುದಿನ ಕಾಲೇಜಿಗೆ ರಜೆ ಹಾಕಿ, ಮಟಾಟು ಹತ್ತಿ, ಮನೆಮನೆಗೂ ಹೋಗಿ "ದಯವಿಟ್ಟು ಕೊತ್ತಂಬರಿ ತಿನ್ನಬೇಡಿ, ಸುಮ್ಮನೆ ನೋಡ್ತಾ ಇರಿ" ಎಂದು ಕೇಳಿಕೊಂಡು ಬಂದರು.

ಹೀಗೆಲ್ಲ ನಗುತ್ತಾ, ಹೆದರುತ್ತಾ ದಿನ ತುಂಬಿತು. ಹೆಣ್ಣುಮಗು. ಆರೋಗ್ಯವಾಗಿತ್ತು. ಹುಟ್ಟಿದ ಕೂಡಲೇ ಅಸ್ಕಾರಿಗೂ ಕೇಳುವಂತೆ ಅತ್ತಿತು! ಆದರೆ ನನಗೆ ಹಾಲು ಸಾಲಲಿಲ್ಲ. ಮೇಲುಹಾಲು ಕೊಡಿ ಎಂದರು ಡಾಕ್ಟರಮ್ಮ. ನನ್ನ ಗಂಡ ಗಾಬರಿಯಲ್ಲಿ ಅಂಗಡಿಗೆ ಓಡಿ ಹಾಲಿನ ಪುಡಿಯ ಜೊತೆ ಬಾಟಲಿಯನ್ನೂ ತಂದರು. ಪ್ಲಾಸ್ಟಿಕ್ ಬಾಟಲಿ! ಮನೆಯಲ್ಲಿ ಇನ್ನು ರಾಮಾಯಣವೇ ಎಂದುಕೊಂಡೆ.

ಭಾವ ಬಂದರು. ಬಾಟಲಿ ನೋಡಿದರು. ಹಾಗೇ ತಿರುಗಿ ತಮ್ಮ ಮನೆಗೆ ಹೋದರು. ಹಿಂದಿರುಗಿದಾಗ ಕೈಯಲ್ಲಿ ಹಳೆಯ ಕರವಸ್ತ್ರದ ಗಂಟು. ಬಿಚ್ಚಿದರೆ ಬೆಳ್ಳಿಯ ಒಳಲೆ, ಮಕ್ಕಳಿಗೆ ಹಾಲು ಕುಡಿಸುವ ನಮ್ಮ ಕಡೆಯ ಒಳಲೆ. ಬಳಸದೆ ಇಟ್ಟು ಇಟ್ಟು ಕಪ್ಪಾಗಿತ್ತು.

"ನಾನು ಮೊದಲನೇ ಸಲ ಬಸುರಾದಾಗ ನಮ್ಮತ್ತೆ ಊರಿಂದ ಕಳಿಸಿದ್ದು," ಎಂದಳು ಅಕ್ಕ. "ಯಾರಿಗೋ ಕೊಟ್ಟುಬಿಟ್ಟೆ ಅಂದಿದ್ರಲ್ಲಾ ನೀವು?"

ಭಾವ ಕಿಟಕಿಯ ಕಡೆ ತಿರುಗಿಕೊಂಡರು. "ಕಾಲೇಜಲ್ಲಿ ಕೆಲಸಕ್ಕೆ ಸೇರೋ ಮುಂಚೆ ಥಿಕಾ ಹತ್ರ ಕಾಫಿ ತೋಟದಲ್ಲಿದ್ದೆ. ಗಿಡಕ್ಕೆ ಔಷಧಿ ಹೊಡೆಸೋದೇ ಕೆಲಸ. ಅದರಲ್ಲಿ ನೆಂದ ಬಟ್ಟೇನ ಬಸುರಿ ಹೆಂಡ್ತಿ ಕೈಲಿ ಒಗೆಸ್ತಿದ್ದೆ. ಅದರಿಂದಲೇ ಹೋಯ್ತಾ ಅಂತ ಡಾಕ್ಟರನ್ನ ಕೇಳ್ದೆ. ಹೇಳಕ್ಕಾಗಲ್ಲ ಅಂದ್ರು. ಹೌದು ಅನ್ನಲಿಲ್ಲ, ಅಲ್ಲ ಅಂತಾನೂ ಅನ್ನಲಿಲ್ಲ."

ಅಕ್ಕ ಒಳಲೆಯನ್ನು ಅವರ ಕೈಯಿಂದ ತೆಗೆದುಕೊಂಡಳು. "ನೀವೇನ್ ಒಗೆಸೋದು? ನಾನೇ ಒಗೀತಿದ್ದೆ," ಎಂದವಳೇ, ಅದಕ್ಕೆ ವಿಭೂತಿ ಹಚ್ಚಿ ತಿಕ್ಕತೊಡಗಿದಳು. ತಿಕ್ಕುತ್ತಲೇ ಅಳುತ್ತಿದ್ದಳು. ಭಾವನ ಡಬ್ಬಿ, ಹುಳ, ಕೊತ್ತಂಬರಿಗೆಲ್ಲ ಅಷ್ಟು ನಕ್ಕಿದ್ದ ನನಗೂ ಅಳು ತಡೆಯಲಾಗಲಿಲ್ಲ.

ನನ್ನ ಮಗಳು ಲೋಟ ಹಿಡಿದು ಕುಡಿಯುವವರೆಗೂ ಆ ಒಳಲೆಯಲ್ಲೇ ಹಾಲು ಕುಡಿದಳು. ಆಮೇಲೆ ಅದನ್ನು ತೊಳೆದು, ಒರೆಸಿ, ಅವಳ ಕೈಗೇ ಕೊಟ್ಟು, ಎದುರು ಬಾಗಿಲ ಕಡೆ ಬಿಟ್ಟೆ. ಆಗಷ್ಟೇ ನಡೆಯಲು ಕಲಿತಿದ್ದಳು. ಬೀಳುತ್ತಾ ಏಳುತ್ತಾ ಹೋಗಿ ಒಳಲೆಯಿಂದಲೇ ಬಾಗಿಲು ಬಡಿದಳು.

ಭಾವ ಬಾಗಿಲು ತೆಗೆದರು. ಒಳಗಿನಿಂದ ಅಕ್ಕನ ದನಿ: "ಯಾರ್ರೀ ಅದು?"

"ನಿನ್ನ ತಂಗಿ ಒಳಲೆ ವಾಪಸ್ ಕಳಿಸಿದಾಳೆ."

"ಖಾಲಿ ಕಳಿಸಿದ್ಲಾ?"

ಭಾವ ಬಗ್ಗಿ ಮಗುವನ್ನು ಎತ್ತಿಕೊಂಡರು.

"ಇಲ್ಲ ಕಣೇ," ಎಂದರು. "ಖಾಲಿ ಕಳಿಸಿಲ್ಲ."