ಹನ್ನೆರಡು ಮನೆಗಳ ಅಧ್ಯಕ್ಷರು

ನನ್ನ ಜನ್ಮದಲ್ಲಿ ನಾನು ಹತ್ತಿರದಿಂದ ಕಂಡ ಒಬ್ಬರೇ ಒಬ್ಬ ರಾಜಕೀಯ ಧುರೀಣರು ಪ್ಯಾಲೆಸ್ಟೀನಿನವರು. ಕಂಡದ್ದು ಮಾತ್ರ ಕಾವಾಸಾಕಿಯಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಕಸದ ಗೂಡಿನ ಮುಂದೆ! ಪೈಜಾಮದ ಮೇಲೆ ಕೋಟು ತೊಟ್ಟು, ಯಾರದೋ ಚೀಲದಿಂದ ಒಂದು ಪ್ಲಾಸ್ಟಿಕ್ ಬಾಟಲಿಯನ್ನು ಹೊರಗೆಳೆದು, ಇದರ ಮುಚ್ಚಳವನ್ನು ಯಾಕೆ ತೆಗೆದಿಲ್ಲ ಎಂದು ಆಕಾಶವನ್ನು ವಿಚಾರಣೆ ಮಾಡುತ್ತಿದ್ದರು. ಹೆಸರು ಹೇಳುವುದಿಲ್ಲ. ಹೇಳಿದರೆ ಅವರ ಊರಿನವರು ‘ನಮ್ಮ ಮೇಯರನ್ನು ಕಸ ಕಾಯಲು ಕೂರಿಸಿದ್ದಿರಾ’ ಎಂದು ನನ್ನ ಮೇಲೆ ಏರಿ ಬಂದಾರು. ನಾನೂ ನನ್ನ ಹೆಂಡತಿಯೂ ನಮ್ಮ ನಮ್ಮಲ್ಲಿ ಅವರನ್ನು ಅಧ್ಯಕ್ಷರು ಎನ್ನುತ್ತಿದ್ದೆವು. ಎದುರಿಗೆ ಸರ್.

ಅವರು ನಿಜಕ್ಕೂ ಅಧ್ಯಕ್ಷರೇ. ವೆಸ್ಟ್ ಬ್ಯಾಂಕಿನ ಗುಡ್ಡಗಳ ನಡುವಿನ ಒಂದು ಸಣ್ಣ ಊರಿನಲ್ಲಿ ಭೂಗೋಳದ ಮೇಷ್ಟರಾಗಿದ್ದರು. ಹರೆಯದಲ್ಲಿ ಹರತಾಳ ಹೂಡಿ ಜೈಲಿಗೆ ಹೋಗಿದ್ದರು. ಬಿಡುಗಡೆಯಾಗಿ ಬಂದಮೇಲೆ ಊರಿನವರು ಮೇಯರ್ ಮಾಡಿದರು. ಅವಧಿ ಮುಗಿದರೂ ಮತ್ತೆ ಚುನಾವಣೆಯೇ ನಡೆಯಲಿಲ್ಲವಾದ್ದರಿಂದ ಮುಂದುವರಿದರು. “ನನ್ನನ್ನು ಯಾರಿಗೂ ಸೋಲಿಸಲಾಗಲಿಲ್ಲ ಮಗನೇ, ಯಾಕೆಂದರೆ ಸೋಲಿಸಲು ಮತಪೆಟ್ಟಿಗೆಯೇ ಇರಲಿಲ್ಲ” ಎಂದು ತಾವೇ ನಗುತ್ತಿದ್ದರು. ಮೇಷ್ಟರ ಇಂಗ್ಲಿಷು, ಒಂದೊಂದು ಪದವೂ ಇಸ್ತ್ರಿ ಮಾಡಿಸಿಕೊಂಡು ಬರುತ್ತಿತ್ತು.

ಮಗಳು ಇಲ್ಲಿ ಸಂಶೋಧಕಿ, ನಮ್ಮ ಎದುರುಮನೆ. ಮೊಮ್ಮಗು ಹುಟ್ಟಿತೆಂದು ಒಂದು ತಿಂಗಳಿಗಾಗಿ ಬಂದರು. ಹೆಂಡತಿಗೆ ಹೃದಯದ ತೊಂದರೆ, ದೂರದ ಪ್ರಯಾಣ ಬೇಡವೆಂದು ಆಕೆ ಊರಲ್ಲೇ ಉಳಿದರು. ಇವರು ಬಂದರು, ಹಿಂದೆಯೇ ಕೊರೋನಾ ಬಂತು. ಅವರ ಊರಿಗೆ ನೇರ ವಿಮಾನವಂತೂ ಇಲ್ಲ. ಅಮ್ಮಾನಿನಲ್ಲಿ ಇಳಿದು, ಅಲ್ಲಿಂದ ರಸ್ತೆ ಹಿಡಿದು, ಗಡಿಯ ಸೇತುವೆ ದಾಟಬೇಕು. ವಿಮಾನವೂ ನಿಂತಿತು, ಸೇತುವೆಯೂ ಮುಚ್ಚಿತು. ಆಮೇಲೆ ಅವರಿಗೆ ಬೇಕಾಗಿದ್ದುದು ಒಂದೇ: ಮನೆಗೆ ಹೋಗುವುದು, ಹೆಂಡತಿ ಇರುವಾಗಲೇ ಹೋಗುವುದು.

ಹೋಗಲಾಗದ ಮನುಷ್ಯ ಏನು ಮಾಡುತ್ತಾನೆ? ನಾವಾದರೆ ಟೀವಿ ನೋಡುತ್ತೇವೆ. ಇವರು ಅಧಿಕಾರ ಹಿಡಿದರು!

ಇಲ್ಲಿನ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ಜಪಾನಿನಲ್ಲಿ ಕಟ್ಟಡಕ್ಕೊಬ್ಬ ಹಾಂಚೋ, ಅಂದರೆ ಗುಂಪಿನ ಮುಖ್ಯಸ್ಥ, ಇರುತ್ತಾನೆ. ಚುನಾವಣೆ ಗಿನಾವಣೆ ಇಲ್ಲ, ವರ್ಷಕ್ಕೊಂದು ಮನೆಯ ಸರದಿ. ಕಾಗೆ ಕೆದಕದಂತೆ ಕಸದ ಮೇಲೆ ಹೊದಿಸುವ ಬಲೆಯನ್ನು ಮಡಚಿಡುವುದು, ಸೂಚನೆಗಳನ್ನು ಮನೆಯಿಂದ ಮನೆಗೆ ದಾಟಿಸುವುದು, ಇಷ್ಟೇ ಕೆಲಸ. ಸರದಿ ಬಂದವರ ಮುಖ ಬಾಡುತ್ತದೆ. ಆ ವರ್ಷ ಸರದಿ ಅಧ್ಯಕ್ಷರ ಮಗಳ ಮನೆಯದು. ಆಕೆ ಕೂಸನ್ನೂ ಲ್ಯಾಬನ್ನೂ ಹಿಡಿದು ಒದ್ದಾಡುತ್ತಿದ್ದಳು. “ನಾನು ಒಪ್ಪಿಕೊಂಡಿದ್ದೇನೆ” ಎಂದು ಅಪ್ಪ ಘೋಷಿಸಿದರು. ಈ ಹುದ್ದೆಯನ್ನು ಸಂತೋಷದಿಂದ ಸ್ವೀಕರಿಸಿದ ಮೊದಲ ಮನುಷ್ಯ ಇವರೇ ಇರಬೇಕು.

ಮರುದಿನದಿಂದಲೇ ಪ್ರಜೆಗಳ ಕುಂದುಕೊರತೆ ವಿಚಾರಣೆ. ಒಂದೊಂದೇ ಮನೆಯ ಬೆಲ್ ಒತ್ತುವುದು, ಹಿಂದೆ ಸರಿದು ನಿಲ್ಲುವುದು, ಮಾಸ್ಕಿನೊಳಗಿಂದ “ನಿಮ್ಮ ಕಷ್ಟವೇನು?” ಎಂದು ಕೇಳುವುದು. ದುಭಾಷಿ ಯಾರು? ಆಫೀಸಿಗೆ ಹೋಗುವಂತಿಲ್ಲದೆ ಮನೆಯಲ್ಲಿ ಬಿದ್ದಿದ್ದ ನಾನು. ಹನ್ನೆರಡು ಮನೆಯವರೂ ತಲೆಬಾಗಿಸಿ ಒಂದೇ ಉತ್ತರ ಕೊಟ್ಟರು: ಏನೂ ಕಷ್ಟವಿಲ್ಲ, ತುಂಬಾ ಉಪಕಾರವಾಯಿತು. ಹನ್ನೆರಡರಲ್ಲಿ ನನ್ನ ಹೆಂಡತಿಯೂ ಸೇರಿದ್ದಳೆಂಬುದನ್ನು ಗಮನಿಸಬೇಕು.

ಅಧ್ಯಕ್ಷರು ಮೆಟ್ಟಿಲ ಮೇಲೆ ಕುಸಿದರು. “ಏನೂ ಕಷ್ಟವಿಲ್ಲ ಅನ್ನುವ ಜನವನ್ನು ನಾನು ನೋಡಿಯೇ ಇಲ್ಲ. ಇವರು ಯಾರಿಗೋ ಹೆದರಿದ್ದಾರೆ.”

“ಇಲ್ಲ ಸರ್, ಇಲ್ಲಿನವರ ಸ್ವಭಾವವೇ ಹಾಗೆ.”

“ಜೈಲಿನಲ್ಲಿ ಹೊಸಬರೂ ಹಾಗೇ ಹೇಳುತ್ತಾರೆ.”

ಬಿಡಲಿಲ್ಲ. ಮೂರನೆಯ ಸುತ್ತಿಗೆ ಕೆಳಮನೆಯ ಇಶಿಕಾವಾ ಸಾನ್, ಒಂಟಿಯಾಗಿರುವ ಮುದುಕಿ, ಬಾಗಿಲನ್ನು ಇಷ್ಟೇ ಇಷ್ಟು ತೆರೆದು, ಸುಮಿಮಾಸೆನ್ ಎಂದು ಮೂರು ಸಲ ಕ್ಷಮೆ ಕೇಳಿ, ಮೆಟ್ಟಿಲ ತಿರುವಿನಲ್ಲಿ ದೀಪ ಹೋಗಿ ಬಹಳ ಕಾಲವಾಯಿತು ಎಂದರು. ಅಧ್ಯಕ್ಷರ ಕಣ್ಣಲ್ಲಿ ಆ ದೀಪ ಆಗಲೇ ಹೊತ್ತಿತು. ಕಟ್ಟಡದ ಉಸ್ತುವಾರಿಯವರಿಗೆ ಫೋನು ಮಾಡಿಸಿ, ನನ್ನ ಕಿವಿಯ ಪಕ್ಕದಲ್ಲೇ ನಿಂತು ಗುಡುಗಿದರು: “ಇದು ನಾಗರಿಕರ ಹಕ್ಕಿನ ಮೇಲೆ ನಡೆದ ದಾಳಿ ಅಂತ ಹೇಳು!” ನಾನು ಜಪಾನಿಯಲ್ಲಿ, ‘ಬಿಡುವಿಲ್ಲದ ಹೊತ್ತಿನಲ್ಲಿ ತೊಂದರೆ ಕೊಡುತ್ತಿದ್ದೇನೆ, ಒಂದು ಬಲ್ಬು ಇತ್ತಲ್ಲ’ ಎಂದೆ. “ಬೇಡಿಕೆ ಈಡೇರುವವರೆಗೆ ಹಿಂದೆ ಸರಿಯುವುದಿಲ್ಲ ಅಂತ ಹೇಳು!” ನಾನು, ‘ನಿಮಗೆ ಅನುಕೂಲವಾದಾಗ ಸಾಕು’ ಎಂದೆ. ಮಾರನೆಯ ದಿನ ದೀಪ ಬಂತು. ಅಧ್ಯಕ್ಷರು ನನ್ನ ಭುಜ ತಟ್ಟಿ, “ನೋಡಿದೆಯಾ, ಗಟ್ಟಿಯಾಗಿ ಮಾತಾಡಬೇಕು” ಎಂದರು. ನಾನು ಯಾಕೆ ಬಾಯಿ ಬಿಡಲಿ?

ಈ ಎಲ್ಲ ವಿಜಯಗಳ ವರದಿ ಸಂಜೆ ವಿಡಿಯೋ ಕರೆಯಲ್ಲಿ ಹೆಂಡತಿಗೆ ಹೋಗುತ್ತಿತ್ತು. ಕೂಸು ಮಲಗಿರುತ್ತದೆಂದು ಇವರು ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದರು, ಹೀಗಾಗಿ ನಮಗೂ ಆ ತಾಯಿಯ ಪರಿಚಯವಾಯಿತು. ದುಂಡುಮುಖ, ಬಿಳಿಯ ತಲೆವಸ್ತ್ರ, ಗಂಡನ ಮಾತಿಗೆ ಕವಡೆ ಕಾಸಿನ ಬೆಲೆ ಕೊಡದ ಗತ್ತು. ಒಂದು ದಿನ ಆಕೆ ಪರದೆಯಿಂದಲೇ ನನಗೆ ದೂರು ಕೊಟ್ಟರು. ಅಧ್ಯಕ್ಷರೇ ತಮ್ಮ ಮೇಲಿನ ದೂರನ್ನು ಅನುವಾದ ಮಾಡಬೇಕಾಯಿತು. ಅವರೂರಲ್ಲಿ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರ. ಟ್ಯಾಂಕರು ಬಂದರೆ ಯಾವ ಬೀದಿಗೆ ಮೊದಲು ಎಂದು ಜಗಳ. ಜಗಳ ನಿಲ್ಲಿಸಲು ಮೇಯರ್ ಸಾಹೇಬರು ಒಂದು ಕಾನೂನು ಮಾಡಿದರು: ಮೇಯರರ ಮನೆಗೆ ಕಟ್ಟಕಡೆಗೆ. ಸರದಿ ಬರುವಷ್ಟರಲ್ಲಿ ಟ್ಯಾಂಕರಿನಲ್ಲಿ ಉಳಿಯುತ್ತಿದ್ದುದು ಗಾಳಿ.

“ಊರಿಗೆಲ್ಲ ಇವರು ದೊಡ್ಡ ಮನುಷ್ಯ. ಅಕ್ಕಪಕ್ಕದ ಮನೆಯಿಂದ ನೀರು ಹೊತ್ತವಳು ನಾನು. ಒಂದು ದಿನ ಖಾಲಿ ಬಕೆಟ್ಟನ್ನು ಇವರ ತಲೆಗೇ ಎಸೆದೆ.”

“ತಗಲಿತೇ?” ಎಂದು ನನ್ನ ಹೆಂಡತಿ ಕೇಳಿದಳು.

“ನಮ್ಮ ಕಡೆಯ ಹೆಂಗಸರ ಗುರಿ ತಪ್ಪುವುದಿಲ್ಲ” ಎಂದು ಅಧ್ಯಕ್ಷರೇ ಕಿವಿಯ ಹಿಂದಿನ ಗಾಯ ತೋರಿಸಿದರು. ಅತ್ತ ಆ ತಾಯಿ ನಗುತ್ತಾ ಕೆಮ್ಮಿದರು. ಕೆಮ್ಮು ಬೇಗ ನಿಲ್ಲಲಿಲ್ಲ. ಇವರು ಫೋನನ್ನು ಮುಖದ ಹತ್ತಿರಕ್ಕೆ ಹಿಡಿದು ಅರಬ್ಬಿಯಲ್ಲಿ ಏನೋ ಮೆಲ್ಲಗೆ ಹೇಳುತ್ತಿದ್ದರು. ನಾವು ಒಳಗೆ ಬಂದೆವು.

ಬೇಸಿಗೆಯ ಹೊತ್ತಿಗೆ ಆಕೆ ಆಸ್ಪತ್ರೆ ಸೇರಿದರು. ಮಗಳು ದೂತಾವಾಸ, ಏರ್‌ಲೈನು ಎಂದು ಫೋನು ಹಿಡಿದೇ ಇದ್ದಳು. ಅಂತೂ ಒಂದು ವಿಮಾನ ಸಿಕ್ಕಿತು. ಅಧ್ಯಕ್ಷರು ಗಡ್ಡ ಬೋಳಿಸಿ, ಸೂಟು ತೊಟ್ಟು, ಪೆಟ್ಟಿಗೆ ಹಿಡಿದು, ಹನ್ನೆರಡು ಮನೆಗೂ ಹೋಗಿ ರಾಜೀನಾಮೆ ಸಲ್ಲಿಸಿದರು. ನರಿತಾ ವಿಮಾನ ನಿಲ್ದಾಣದಿಂದ ಅದೇ ಸಂಜೆ ವಾಪಸು ಬಂದರು. ಸೇತುವೆ ಮತ್ತೆ ಮುಚ್ಚಿದೆ, ದಾಟಲು ಅನುಮತಿಯಿಲ್ಲದವರನ್ನು ವಿಮಾನಕ್ಕೆ ಹತ್ತಿಸುವುದಿಲ್ಲವಂತೆ. ನಾನು ಬಾಗಿಲಲ್ಲೇ ನಿಂತಿದ್ದೆ. “ರಾಜೀನಾಮೆ ಅಂಗೀಕಾರವಾಗಲಿಲ್ಲ ಮಗನೇ” ಎಂದು ನಗಲು ನೋಡಿದರು. ಆಗಲಿಲ್ಲ.

ಎಂಟು ಹತ್ತು ದಿನ ಕಳೆದಿರಬೇಕು. ಬೆಳಿಗ್ಗೆ ಮಗಳು ಫೋನು ಮಾಡಿ, “ಅಮ್ಮ ಹೋದಳು” ಎಂದಳು. ಸಂಜೆಯೊಳಗೆ ಅಲ್ಲಿ ಮಣ್ಣೂ ಆಗಿಹೋಯಿತು. ಇವರು ಅದನ್ನು ಯಾರದೋ ಫೋನಿನ ಅಲುಗಾಡುವ ಚಿತ್ರದಲ್ಲಿ ನೋಡಿದರು.

ಮಾರನೆಯ ದಿನ ಬಾಲ್ಕನಿಯಿಂದ ನೋಡುತ್ತೇನೆ, ಅಧ್ಯಕ್ಷರು ಸೈಕಲ್ ಶೆಡ್ಡಿನ ಪಕ್ಕ ಕುರ್ಚಿ ಹಾಕುತ್ತಿದ್ದಾರೆ. ಮನೆಯ ಊಟದ ಕುರ್ಚಿ, ಮಡಚುವ ಕುರ್ಚಿ, ಕೂಸಿನ ಸ್ನಾನದ ಸ್ಟೂಲು, ಎಲ್ಲವನ್ನೂ ದೂರದೂರ ಇಟ್ಟರು. ಅವರ ಕಡೆ ಸಾವಾದರೆ ಮೂರು ದಿನ ಹೀಗೆ ಕೂರುತ್ತಾರೆ, ಊರಿಗೆ ಊರೇ ಬಂದು ಸುಮ್ಮನೆ ಜೊತೆಗಿದ್ದು ಹೋಗುತ್ತದೆ ಎಂದು ಮಗಳು ಹೇಳಿದಳು. ಊರಿನ ಒಂದು ಸಾವಿನ ಮನೆಯನ್ನೂ ಅಪ್ಪ ತಪ್ಪಿಸಿದವರಲ್ಲವಂತೆ.

ಆ ದಿನ ಯಾರೂ ಬರಲಿಲ್ಲ. ಸೂಟು ತೊಟ್ಟು, ಫ್ಲಾಸ್ಕನ್ನು ಕಾಲ ಬಳಿ ಇಟ್ಟುಕೊಂಡು, ಖಾಲಿ ಕುರ್ಚಿಗಳ ಎದುರು ಕೂತೇ ಇದ್ದರು. ಯಾಕೆ ಯಾರೂ ಬರುತ್ತಿಲ್ಲ ಎಂದು ನಾನು ಕೆಳಗಿಳಿದು ಇಶಿಕಾವಾ ಸಾನ್ ಅವರನ್ನು ಕೇಳಿದೆ. ಮುದುಕಿಯ ಕಣ್ಣು ಅತ್ತು ಕೆಂಪಾಗಿತ್ತು. ದುಃಖದಲ್ಲಿರುವವರನ್ನು ಒಂಟಿಯಾಗಿ ಬಿಡುವುದೇ ಮರ್ಯಾದೆ, ಅದೂ ಈ ಕಾಲದಲ್ಲಿ, ಎಂದರು. ಕಟ್ಟಡಕ್ಕೆ ಕಟ್ಟಡವೇ ಅವರ ಮೇಲಿನ ಗೌರವದಿಂದ ಬಾಗಿಲು ಹಾಕಿಕೊಂಡು ಕೂತಿತ್ತು. ‘ಯಾರಿಗೂ ನಾನು ಬೇಡವಾದೆ’ ಎಂದುಕೊಂಡು ಅಧ್ಯಕ್ಷರು ಅಂಗಳದಲ್ಲಿ ಕೂತಿದ್ದರು.

ಮಾರನೆಯ ದಿನ ನಾನು ಹೊರಟೆ. ಹೆಂಡತಿ ಬಾಗಿಲಲ್ಲಿ ತಡೆದಳು. “ಹೋಗಿ ಬನ್ನಿ, ನಾನು ಬೇಡ ಅನ್ನಲ್ಲ. ಆದ್ರೆ ಸೂತಕದ ಮನೆ ರೀ, ಏನೂ ಬಾಯಿಗೆ ಹಾಕ್ಬೇಡಿ. ಬಂದ ತಕ್ಷಣ ಡೈರೆಕ್ಟ್ ಆಗಿ ಬಾತ್‌ರೂಮಿಗೆ.” ಅವಳ ಅಜ್ಜಿಯ ಕಾಲದಿಂದ ನಡೆದುಬಂದ ಕಟ್ಟುನಿಟ್ಟು. ನಾನೂ ಹಾಗೇ ಬೆಳೆದವನು, ತಲೆಯಾಡಿಸಿದೆ.

ಹೋಗಿ ಎದುರಿನ ಕುರ್ಚಿಯಲ್ಲಿ ಕೂತೆ. ಅವರು ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಸಕ್ಕರೆಯಿಲ್ಲದ ಕಪ್ಪು ಕಾಫಿ ಬಗ್ಗಿಸಿ ಕೊಟ್ಟರು. ನಾನು ಎರಡೂ ಕೈಯಲ್ಲಿ ತೆಗೆದುಕೊಂಡು, ಮೆತ್ತಗೆ ಪಕ್ಕದ ಸ್ಟೂಲಿನ ಮೇಲೆ ಇಟ್ಟೆ.

ಅಧ್ಯಕ್ಷರು ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. ಬಾಗಿದ್ದ ಬೆನ್ನು ನೆಟ್ಟಗಾಯಿತು. ಕೋಟಿನ ಗುಂಡಿ ಹಾಕಿಕೊಂಡರು. “ಕೇಳು” ಎಂದರು.

“ಏನು ಸರ್?”

“ನಮ್ಮಲ್ಲಿ ಕಾಫಿಯನ್ನು ಕುಡಿಯದೆ ಕೆಳಗಿಟ್ಟವನು ಏನನ್ನೋ ಬೇಡಲು ಬಂದಿದ್ದಾನೆ ಅಂತ ಅರ್ಥ. ಕೊಡುತ್ತೇನೆ ಅಂತ ಮನೆಯವನು ಮಾತು ಕೊಡುವವರೆಗೆ ಅವನು ಕುಡಿಯುವುದಿಲ್ಲ. ನನ್ನ ಮನೆಯಲ್ಲಿ ಹೀಗೆ ಎಷ್ಟೋ ಬಟ್ಟಲು ಆರಿವೆ. ಒಬ್ಬನಿಗೆ ನೀರು ಬೇಕು, ಒಬ್ಬನಿಗೆ ಜೈಲಿನಲ್ಲಿರುವ ಮಗ. ಇವತ್ತು ನನ್ನ ಕೈಯಲ್ಲಿ ಏನೂ ಇಲ್ಲ. ಆದರೂ ಕೇಳು ಮಗನೇ.”

ಇದು ನಮ್ಮ ಸೂತಕದ ಪದ್ಧತಿ ಸರ್, ತಪ್ಪು ತಿಳಿಯಬೇಡಿ ಎನ್ನಬಹುದಿತ್ತು. ಎರಡು ದಿನ ಕಲ್ಲಿನಂತೆ ಕೂತಿದ್ದ ಮನುಷ್ಯ ನನ್ನ ಬೇಡಿಕೆಗೆ ಕಾದು ಕೂತಿದ್ದಾರೆ. ಹೇಗೆ ಹೇಳಲಿ? “ಅಮ್ಮನ ವಿಷಯ ಹೇಳಿ ಸರ್. ನಿಮ್ಮ ಬಾಯಿಂದ ಕೇಳಬೇಕು” ಎಂದೆ.

“ಕೊಟ್ಟೆ” ಎಂದರು. “ಕುಡಿ.”

ಕುಡಿದೆ.

ಅವರು ಹೇಳಿದರು: “ನಲವತ್ತು ವರ್ಷಕ್ಕೂ ಮೇಲೆ ಬಾಳಿದೆವು. ಊರಿನವರೆಲ್ಲ ಬಟ್ಟಲು ಕೆಳಗಿಟ್ಟರು, ಅವಳು ಇಡಲಿಲ್ಲ. ಬಕೆಟ್ಟು ಎಸೆದಳೇ ಹೊರತು ಬೇಡಲಿಲ್ಲ. ನಾನು ಇಲ್ಲಿಗೆ ಹೊರಟ ಬೆಳಿಗ್ಗೆ, ಟ್ಯಾಕ್ಸಿ ಬಂದು ನಿಂತಿದೆ, ಅವಳ ಕಾಫಿ ಅವಳ ಮುಂದೆ ಹಾಗೇ ಇದೆ. ನಾನು ತಮಾಷೆ ಅಂದುಕೊಂಡೆ. ಏನು ಬೇಕು ತಾಯಿ, ಪ್ರಜೆಯಾಗಿ ಕೇಳು ಅಂದೆ. ‘ನಾನು ಹೋಗುವ ದಿನ ನೀನು ಇರಬೇಕು’ ಅಂದಳು. ಕೊಟ್ಟೆ ಅಂದೆ. ಕುಡಿದಳು.”

ಅವರ ಕಣ್ಣು ಆಗಲೂ ಒಣಗಿಯೇ ಇತ್ತು. ನೋಡಿ ನನಗೇ ಅಳು ಬಂತು.

ಹಿಂದೆ ಚಪ್ಪಲಿಯ ಸದ್ದಾಯಿತು. ನನ್ನ ಹೆಂಡತಿ. ಎಷ್ಟು ಹೊತ್ತಿನಿಂದ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದಳೋ. ಬಂದು ನನ್ನ ಆಚೆಯ ಕುರ್ಚಿಯಲ್ಲಿ ಕೂತು ಸೆರಗು ಹೊದ್ದುಕೊಂಡಳು. ಅವರು ಬಟ್ಟಲು ತುಂಬಿ ಕೊಟ್ಟರು. ಅವಳು ಮಾಸ್ಕನ್ನು ಕೆಳಗಿಳಿಸಿ, ಬಟ್ಟಲನ್ನು ಎಲ್ಲೂ ಇಡದೆ, ಅಷ್ಟನ್ನೂ ಒಂದೇ ಸಲಕ್ಕೆ ಕುಡಿದು, ಖಾಲಿ ಬಟ್ಟಲನ್ನು ಅವರ ಕೈಗೆ ವಾಪಸು ಕೊಟ್ಟಳು.

ಅಧ್ಯಕ್ಷರು ಆ ಬಟ್ಟಲನ್ನೇ ನೋಡುತ್ತಾ, “ನೀನು ಏನೂ ಕೇಳಲಿಲ್ಲವಲ್ಲ ಮಗಳೇ” ಎಂದು ಅತ್ತರು.