ಪರದೆ ಎಳೆದ ಮನೆ

ಕಿಟಕಿಗಳಿಗೆಲ್ಲ ಪರದೆ ಎಳೆದು, ಅರೆಗತ್ತಲಲ್ಲಿ ಅವಳು ಕೈಯ ಅಂದಾಜಿನಲ್ಲೇ ಈರುಳ್ಳಿ ಹೆಚ್ಚುತ್ತಿದ್ದಳು. ಹಣೆ, ಕೆನ್ನೆಯ ಮೇಲಿನ ಒರಟು ಚುಕ್ಕೆಗಳನ್ನು ಹಾಗೇ ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದೆಂದು ಚರ್ಮದ ಡಾಕ್ಟರು ನಿನ್ನೆ ಸಂಜೆ ಮುಲಾಮು ಹಚ್ಚಿ, ಕೆಂಪು ದೀಪದ ಕೆಳಗೆ ಮಲಗಿಸಿದ್ದರು. "ನಲವತ್ತೆಂಟು ಗಂಟೆ ಮುಖಕ್ಕೆ ಬಿಸಿಲು ತಾಕಲೇಬಾರದು" ಎಂದಿದ್ದರು. ಗಂಡನಿಗೆ ಅವಳು ಹೇಳಿರಲಿಲ್ಲ. ಬೆರಳಿಗೆ ಸೂಜಿ ಚುಚ್ಚಿದರೆ ಮೂರ್ಛೆ ಹೋಗುವ ಆಸಾಮಿ. ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದರೆ ಅವನನ್ನೇ ಆಸ್ಪತ್ರೆಗೆ ಹೊರಬೇಕಾದೀತು. ನೆಗಡಿಯೆಂದು ಮುಸುಕೆಳೆದು ಮಲಗಿದ್ದಳು. ಬೆಳಗ್ಗೆ ಅವನು ಸದ್ದಿಲ್ಲದೆ ತನ್ನ ಗಡಿಯಾರ ರಿಪೇರಿ ಅಂಗಡಿಗೆ ಹೋಗಿದ್ದ.

ಕತ್ತರಿ ಕೇಳಲು ಬಂದ ಮೇಲಿನ ಮಹಡಿಯ ನಿವೃತ್ತ ಹೆಡ್‌ಮಿಸ್ಸು ದೀಪ ಹಾಕಿದವರೇ ಕಿರುಚಿದರು. ಅವಳ ಮುಖ ಕಾದ ಹೆಂಚಿನಂತೆ ಕೆಂಪಾಗಿ, ರೆಪ್ಪೆಗಳು ಬನ್ನಿನಂತೆ ಊದಿದ್ದವು.

"ಅಯ್ಯೋ ನನ್ನಮ್ಮಾ! ಯಾರೇ ಹೀಗೆ ಹೊಡೆದದ್ದು?"

"ಯಾರೂ ಇಲ್ಲ ಟೀಚರ್. ದೀಪದ ಬೆಳಕಿಂದ ಆಗಿದ್ದು."

"ಬೆಳಕು! ಪರೀಕ್ಷೆ ದಿನ ಅಜ್ಜಿ ಸತ್ತಳು ಅಂತ ಒಬ್ಬೊಬ್ಬ ಹುಡುಗನೂ ನಾಲ್ಕು ನಾಲ್ಕು ಸಲ ಹೇಳಿದ್ದಾನೆ ನನ್ನ ಹತ್ರ. ಅದನ್ನಾದ್ರೂ ನಂಬಬಹುದು. ಇರು, ಆ ಬೆಕ್ಕಿನಂಥ ಗಂಡನ್ನ ವಿಚಾರಿಸ್ಕೊಂಡು ಬರ್ತೀನಿ!"

ಬೆನ್ನಟ್ಟಿ ಓಡಿದವಳು ಹೊಸ್ತಿಲಲ್ಲೇ ನಿಂತಳು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಗಂಡನಿಗೆ ಫೋನು ಮಾಡಿದಳು, ಎತ್ತಲಿಲ್ಲ. ಸಂಜೆಯವರೆಗೂ ಪರದೆಯ ಹಿಂದೆ ಬೋನಿನ ಇಲಿಯಂತೆ ಸುತ್ತಿದಳು.

ಹೊತ್ತು ಮುಳುಗಿದ ಮೇಲೆ ಗಂಡ ಬಂದ, ಹಿಂದೆ ಕಾವಲಿಗೆ ಟೀಚರು. ಅವಳ ಮುಖ ನೋಡಿ ಗೋಡೆ ಹಿಡಿದುಕೊಂಡ.

"ತಪ್ಪಾಯ್ತು ಕಣೇ. ಗಿರಾಕಿಗಳ ಮುಂದೆ ಒಪ್ಕೊಂಡೆ. ನಿದ್ದೇಲಿ ನಾನೇ ಕೈ ಬೀಸಿರಬೇಕು. ಇಲ್ಲದಿದ್ರೆ ಟೀಚರ್ ಯಾಕೆ ಹಾಗನ್ನುತ್ತಾರೆ?"

ಸೊಳ್ಳೆಗೂ ಹೊಡೆಯದವನು ಒಪ್ಪಿಕೊಂಡು ಬಂದಿದ್ದ! ನಿಜ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ಜೇಬಿನಿಂದ ಬಸ್ ಟಿಕೆಟುಗಳನ್ನು ತೆಗೆದ.

"ಮದುವೆ ಆದಾಗಿನಿಂದ ಸಮುದ್ರ ನೋಡಬೇಕು ಅಂತಿದ್ದೆಯಲ್ಲ? ನಾಳೆ ಬೆಳಗ್ಗೆ ಹೊರಡೋಣ. ಇಡೀ ದಿನ ಮರಳ ಮೇಲೆ ಕೂತಿರೋಣ."

"ಮುಖಕ್ಕೆ ಚೆನ್ನಾಗಿ ಬಿಸಿಲು ಬೀಳಲಿ, ಊತ ಇಳಿಯುತ್ತೆ," ಎಂದರು ಟೀಚರು. "ನಾನೂ ಬರ್ತಿದ್ದೀನಿ, ಇವನ ಮೇಲೆ ಕಣ್ಣಿಡೋಕೆ."

ಮಲಗುವ ಮುನ್ನ ಅವನು ಎರಡೂ ಕೈ ಮುಂದೆ ಚಾಚಿದ. "ಟವೆಲಿನಿಂದ ಕಟ್ಟಿಬಿಡೇ. ನನಗೇ ನನ್ನ ಮೇಲೆ ನಂಬಿಕೆ ಇಲ್ಲ."

ಈಗ ಕ್ಯಾನ್ಸರ್ ಮಾತೆತ್ತಿದರೆ ಇವನು ಇಲ್ಲೇ ಬಿದ್ದುಬಿಡುತ್ತಾನೆಂದು ಅವಳು ಸಡಿಲವಾಗಿ ಗಂಟು ಹಾಕಿದಳು. ಹಾಕುತ್ತಲೇ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಳು: ಬೆಳಗ್ಗೆ ತನಗೆ ತಡೆಯಲಾರದ ಹೊಟ್ಟೆನೋವು ಬರಬೇಕು. ಆ ಸುಳ್ಳನ್ನು ಟೀಚರು ಖಂಡಿತ ನಂಬುತ್ತಾರೆ.